ತಂಗಿ ಒಂದೇ ಸಂಜೆಯಲ್ಲಿ ಕೆಲಸ ಬಿಟ್ಟಳು, ನಾನು ನಾಲ್ಕು ವರ್ಷದಿಂದ ಯೋಚಿಸುತ್ತಲೇ ಇದ್ದೇನೆ

ಪ್ರಶ್ನೆ: ಮೇಡಂ, ನನಗೆ 41 ವರ್ಷ. ಹದಿನಾರು ವರ್ಷದಿಂದ ಒಂದೇ ಕಂಪನಿಯ ಲೆಕ್ಕಪತ್ರ ವಿಭಾಗದಲ್ಲಿದ್ದೇನೆ. ಈ ಕೆಲಸ ಬಿಟ್ಟು ಗಣಿತದ ಮೇಷ್ಟ್ರಾಗಬೇಕು ಅನ್ನುವ ಆಸೆ ಹುಟ್ಟಿ ನಾಲ್ಕು ವರ್ಷವಾಯಿತು. ಪಟ್ಟಿ ಮಾಡಿದ್ದೇನೆ, ಲೆಕ್ಕ ಹಾಕಿದ್ದೇನೆ, ಗೆಳೆಯರನ್ನು ಕೇಳಿದ್ದೇನೆ. ಆದರೂ ಮೀನಮೇಷ ಎಣಿಸುವುದು ನಿಂತಿಲ್ಲ. ನನ್ನ ತಂಗಿ ಹೋದ ವರ್ಷ ಒಂದು ಸಂಜೆ ಆಫೀಸಿನಿಂದ ಬಂದವಳೇ ರಾಜೀನಾಮೆ ಬರೆದು ಕಳಿಸಿದಳು. ಈಗ ಸ್ವಂತ ಕೆಲಸ ಮಾಡಿಕೊಂಡು ಆರಾಮಾಗಿದ್ದಾಳೆ. ದೊಡ್ಡ ನಿರ್ಧಾರಗಳನ್ನು ನಿಧಾನವಾಗಿ ತೆಗೆದುಕೊಳ್ಳಬೇಕೋ, ದಿಢೀರನೆ ತೆಗೆದುಕೊಳ್ಳಬೇಕೋ? ಅಥವಾ ನನ್ನಲ್ಲೇ ಏನಾದರೂ ಕೊರತೆ ಇದೆಯೇ? ಹೆಂಡತಿಗೆ ಇನ್ನೂ ಹೇಳಿಲ್ಲ. ಒಂದು ತೀರ್ಮಾನಕ್ಕೆ ಬಂದ ಮೇಲೆ ಹೇಳೋಣ ಅಂತ ಇದ್ದೇನೆ.

ಉತ್ತರ: ಮೊದಲು ನಿಮ್ಮ ತಂಗಿಯ ವಿಷಯ. ಅವರು ಒಂದು ಸಂಜೆಯಲ್ಲಿ ತೀರ್ಮಾನಿಸಿದರು ಎಂದು ನೀವು ನಂಬಿದ್ದೀರಿ. ನನಗೆ ಅನುಮಾನವಿದೆ. ಆ ಸಂಜೆ ನಡೆದದ್ದು ರಾಜೀನಾಮೆ ಬರೆಯುವ ಕೆಲಸ. ತೀರ್ಮಾನ ಯಾವಾಗ ಆಯಿತು ಎಂದು ಒಮ್ಮೆ ಬಿಡುವಾಗಿ ಕುಳಿತು ಅವರನ್ನೇ ಕೇಳಿ. "ಅವತ್ತೇ" ಅಂತಲೇ ಶುರು ಮಾಡುತ್ತಾರೆ. ಮಾತು ಮುಂದುವರಿದರೆ ಅದಕ್ಕೂ ಒಂದೂವರೆ ವರ್ಷದ ಹಿಂದಿನ ಯಾವುದೋ ಮೀಟಿಂಗು, ಭಾನುವಾರ ಸಂಜೆಯಾದರೆ ಹಿಡಿದುಕೊಳ್ಳುತ್ತಿದ್ದ ತಲೆನೋವು, ಯಾರಿಗೂ ಹೇಳದೆ ತೆಗೆದಿಡುತ್ತಿದ್ದ ಅಷ್ಟಿಷ್ಟು ಹಣ, ಇವೆಲ್ಲ ಒಂದೊಂದಾಗಿ ಹೊರಗೆ ಬರುವ ಸಾಧ್ಯತೆಯೇ ಹೆಚ್ಚು.

ಅಮೆರಿಕದ ಮನಶ್ಶಾಸ್ತ್ರಜ್ಞ ರಾಯ್ ಬೌಮೈಸ್ಟರ್ 1994ರ ಒಂದು ಬರಹದಲ್ಲಿ ಇದನ್ನು ಅಸಮಾಧಾನ ಹರಳುಗಟ್ಟುವ ಕ್ರಿಯೆ ಎಂದು ವಿವರಿಸಿದ್ದಾರೆ. ಮದುವೆ, ಉದ್ಯೋಗ, ಧರ್ಮ, ಪಕ್ಷ, ಯಾವುದನ್ನೇ ಬಿಟ್ಟು ಬಂದವರ ಕಥೆಯಲ್ಲೂ ಈ ಘಟ್ಟ ಸಿಗುತ್ತದೆ. ಅದಕ್ಕೆ ಮೊದಲು ಕಿರಿಕಿರಿಗಳು ಬಿಡಿಬಿಡಿಯಾಗಿ ಬಿದ್ದಿರುತ್ತವೆ. ಇವತ್ತು ಮೇಲಧಿಕಾರಿಯ ಮನಸ್ಸು ಸರಿಯಿರಲಿಲ್ಲ, ಈ ತಿಂಗಳು ಕೆಲಸ ಜಾಸ್ತಿ, ಈ ಸಲ ಬಡ್ತಿ ತಪ್ಪಿತು. ಒಂದೊಂದಕ್ಕೂ ಒಂದೊಂದು ಸಮಜಾಯಿಷಿ ಸಿದ್ಧವಿರುವುದರಿಂದ ಯಾವುದೂ ಭಾರ ಅನ್ನಿಸುವುದಿಲ್ಲ. ಆಮೇಲೆ ಒಂದು ದಿನ, ಎಷ್ಟೋ ಸಲ ತೀರಾ ಕ್ಷುಲ್ಲಕ ಅನ್ನಿಸುವ ಒಂದು ಘಟನೆಯಾದ ಮೇಲೆ, ಅವೆಲ್ಲ ಒಂದಕ್ಕೊಂದು ಕೂಡಿಕೊಂಡು ಒಂದೇ ಚಿತ್ರವಾಗಿ ಕಾಣಿಸಿಬಿಡುತ್ತವೆ. "ಈ ತಿಂಗಳು ಹೀಗೆ" ಅನ್ನುತ್ತಿದ್ದವರು "ಇದು ಇರುವುದೇ ಹೀಗೆ" ಅನ್ನತೊಡಗುತ್ತಾರೆ. ಹೊಸ ತೊಂದರೆ ಏನೂ ಬಂದಿರುವುದಿಲ್ಲ, ಹಳೆಯವನ್ನೇ ಮೊದಲ ಬಾರಿಗೆ ಕೂಡಿಸಿ ನೋಡಿರುತ್ತಾರೆ.

ಹೆಲೆನ್ ರೋಸ್ ಈಬೋ ಎಂಬ ಸಮಾಜಶಾಸ್ತ್ರಜ್ಞೆ ಸ್ವತಃ ಕ್ರೈಸ್ತ ಸನ್ಯಾಸಿನಿಯಾಗಿದ್ದು ಆ ಜೀವನವನ್ನು ಬಿಟ್ಟು ಬಂದವರು. ಹೀಗೆ ಬದುಕಿನ ಒಂದು ಪಾತ್ರದಿಂದ ಹೊರಬಂದ 185 ಜನರನ್ನು ಅವರು ಸಂದರ್ಶಿಸಿದರು. ಮಠ ತೊರೆದವರು, ವೈದ್ಯವೃತ್ತಿ ಬಿಟ್ಟವರು, ವಿಚ್ಛೇದನ ಪಡೆದವರು, ಕುಡಿತ ಬಿಟ್ಟವರು, ಜೈಲಿನಿಂದ ಹೊರಬಂದವರು ಎಲ್ಲರೂ ಅದರಲ್ಲಿದ್ದರು. 1988ರಲ್ಲಿ ಪ್ರಕಟವಾದ ಆ ಅಧ್ಯಯನದ ಪ್ರಕಾರ ಮೊದಲು ಬರುವುದು ಅನುಮಾನ, ಆಮೇಲೆ ಬೇರೆ ದಾರಿಗಳ ಹುಡುಕಾಟ, ಅದಾದ ನಂತರವೇ ಜನ ನೆನಪಿಟ್ಟುಕೊಳ್ಳುವ ಆ ತಿರುವಿನ ಗಳಿಗೆ. ಆ ಗಳಿಗೆ ಏನು ಮಾಡುತ್ತದೆ ಎಂಬ ಬಗ್ಗೆ ಈಬೋ ಹೇಳುವ ಮಾತು ನನಗೆ ತುಂಬ ಉಪಯೋಗಕ್ಕೆ ಬಂದಿದೆ. ಅದು ಒಳಗಿನ ಎಳೆದಾಟವನ್ನು ನಿಲ್ಲಿಸುತ್ತದೆ, ಊರಿಗೆಲ್ಲ ಹೇಳಲು ಒಂದು ಕಾರಣ ಒದಗಿಸುತ್ತದೆ, ಹೊರಡಲು ಬೇಕಾದ ಬಲವನ್ನು ಒಟ್ಟು ಮಾಡುತ್ತದೆ. "ಅವತ್ತು ಅವರು ಹಾಗಂದರು, ಬಿಟ್ಟುಬಿಟ್ಟೆ" ಎಂದರೆ ಎದುರಿಗಿದ್ದವರಿಗೆ ತಕ್ಷಣ ಅರ್ಥವಾಗುತ್ತದೆ. ಎರಡು ವರ್ಷ ಒಳಗೇ ಕರಗುತ್ತಿದ್ದೆ ಎಂದರೆ ಯಾರಿಗೆ ಅರ್ಥವಾಗಬೇಕು?

ಆದ್ದರಿಂದ ನೀವು ಮಾಡಿಕೊಂಡಿರುವ ಹೋಲಿಕೆಯಲ್ಲೇ ಒಂದು ಅನ್ಯಾಯವಿದೆ. ತಂಗಿಯ ಕೊನೆಯ ದಿನವೊಂದನ್ನು ತಂದು ನಿಮ್ಮ ನಾಲ್ಕು ವರ್ಷದ ಎದುರು ಇಟ್ಟಿದ್ದೀರಿ.

ಇನ್ನು ನಿಮ್ಮ ನಿಧಾನ. ಅದೂ ಮೇಲ್ನೋಟಕ್ಕೆ ಕಾಣುವ ಹಾಗಿಲ್ಲ. ಪಟ್ಟಿ ಮಾಡಿದ್ದೇನೆ ಅಂದಿರಿ. ಬಹಳ ಹಳೆಯ ಪದ್ಧತಿ ಅದು, ಕೆಟ್ಟದ್ದೇನಲ್ಲ. 1772ರಲ್ಲಿ ವಿಜ್ಞಾನಿ ಜೋಸೆಫ್ ಪ್ರೀಸ್ಟ್ಲಿಗೆ ಒಂದು ಹೊಸ ಹುದ್ದೆ ಒದಗಿ ಬಂತು. ಒಪ್ಪಿಕೊಳ್ಳಲೋ ಬೇಡವೋ ಎಂದು ಅವರು ತಮ್ಮ ಗೆಳೆಯ, ಅಮೆರಿಕದ ಮುತ್ಸದ್ದಿ ಬೆಂಜಮಿನ್ ಫ್ರಾಂಕ್ಲಿನ್ನರನ್ನು ಕೇಳಿದರು. ಏನು ಮಾಡಬೇಕೆಂದು ಹೇಳಲಾರೆ, ಹೇಗೆ ತೀರ್ಮಾನಿಸಬಹುದೆಂದು ಹೇಳಬಲ್ಲೆ ಎಂದು ಫ್ರಾಂಕ್ಲಿನ್ ಉತ್ತರ ಬರೆದರು. ಹಾಳೆಯ ನಡುವೆ ಗೆರೆ ಎಳೆ, ಒಂದು ಕಡೆ ಪರವಾದದ್ದು, ಇನ್ನೊಂದು ಕಡೆ ವಿರೋಧದ್ದು, ಮೂರು ನಾಲ್ಕು ದಿನ ಹೊಳೆದದ್ದನ್ನೆಲ್ಲ ಬರೆಯುತ್ತ ಹೋಗು, ಆಮೇಲೆ ಎರಡೂ ಕಡೆ ಸಮತೂಕದವನ್ನು ಹೊಡೆದುಹಾಕು, ಉಳಿದದ್ದನ್ನು ನೋಡು. ಮೂರು ನಾಲ್ಕು ದಿನ ಎಂಬುದನ್ನು ಗಮನಿಸಿ. ಆಮೇಲೆ ಕಾಯಲು ಅವರು ಕೊಟ್ಟದ್ದು ಇನ್ನೊಂದೆರಡು ದಿನ. ನಾಲ್ಕು ವರ್ಷದ ಮಾತು ಆ ಪತ್ರದಲ್ಲಿಲ್ಲ.

ಅದೇ ರೀತಿಯ ಪಟ್ಟಿಯನ್ನು 1838ರಲ್ಲಿ ಚಾರ್ಲ್ಸ್ ಡಾರ್ವಿನ್ ಮಾಡಿದರು, ಮದುವೆಯಾಗುವುದೋ ಬೇಡವೋ ಎಂದು. ಬೇಡ ಎನ್ನುವ ಕಡೆ: ಎಲ್ಲೆಂದರಲ್ಲಿಗೆ ಹೋಗುವ ಸ್ವಾತಂತ್ರ್ಯ, ಬುದ್ಧಿವಂತರ ಜತೆ ಮಾತು, ನೆಂಟರ ಮನೆಗೆ ಹೋಗುವ ಬಲವಂತವಿಲ್ಲ, ಪುಸ್ತಕಕ್ಕೆ ಹಣ ಉಳಿಯುತ್ತದೆ. ಬೇಕು ಎನ್ನುವ ಕಡೆ: ಮಕ್ಕಳು, ಮುಪ್ಪಿನಲ್ಲಿ ಜತೆ, ಏನಿಲ್ಲವೆಂದರೂ ನಾಯಿ ಸಾಕುವುದಕ್ಕಿಂತ ವಾಸಿ. (ಆ ಕೊನೆಯ ಸಾಲನ್ನು ಮುಂದೆ ಅವರ ಹೆಂಡತಿ ಓದಿದ್ದರೋ ಏನೋ!) ಕೊನೆಗೆ "ಮದುವೆಯಾಗು" ಎಂದು ಮೂರು ಸಲ ಬರೆದು, ರೇಖಾಗಣಿತದಲ್ಲಿ ಪ್ರಮೇಯ ಸಾಧಿಸಿದ ಮೇಲೆ ಹಾಕುವ ಗುರುತನ್ನೂ ಹಾಕಿದರು. ನವೆಂಬರಿನಲ್ಲಿ ಎಮ್ಮಾರನ್ನು ಕೇಳಿದರು, 1839ರ ಜನವರಿಯಲ್ಲಿ ಮದುವೆಯಾಯಿತು. ಲೆಕ್ಕ ಕೂಡಿಸಿ ಉತ್ತರ ಕಂಡುಕೊಂಡವರು ಉತ್ತರವನ್ನು ಒಂದು ಸಲ ಬರೆಯುತ್ತಾರೆ. ಮೂರು ಸಲ ಬರೆದವರು ಪಟ್ಟಿಗೆ ಕೂರುವ ಮುಂಚೆಯೇ ಯಾವ ಕಡೆ ವಾಲಿದ್ದರು ಎಂಬುದು ನನ್ನ ಊಹೆ.

ನಿಮ್ಮ ಪಟ್ಟಿಯಲ್ಲಿ ಕೊನೆಯ ಹೊಸ ಸಾಲು ಸೇರಿದ್ದು ಯಾವಾಗ? ಈ ಪ್ರಶ್ನೆಯನ್ನು ನನ್ನ ಬಳಿ ಬರುವ ಎಷ್ಟೋ ಜನರಿಗೆ ಕೇಳುತ್ತೇನೆ. ಕಳೆದ ಆರು ತಿಂಗಳಲ್ಲಿ ಈ ವಿಷಯದ ಬಗ್ಗೆ ನಿಮಗೆ ಮೊದಲು ಗೊತ್ತಿಲ್ಲದ ಯಾವ ಸಂಗತಿ ಗೊತ್ತಾಯಿತು? ಏನೋ ಒಂದು ತಿಳಿಯಿತು ಎಂದಾದರೆ ನೀವು ಯೋಚಿಸುತ್ತಿದ್ದೀರಿ. ಏನೂ ಇಲ್ಲ, ಅದೇ ನಾಲ್ಕು ವಾದಗಳು ರಾತ್ರಿ ಬಂದು ಸುತ್ತು ಹೊಡೆದು ಹೋಗುತ್ತವೆ ಎಂದಾದರೆ ಯೋಚನೆ ಎಂದೋ ಮುಗಿದಿದೆ. ಈಗ ನಡೆಯುತ್ತಿರುವುದು ಬೇರೆ ಯಾವುದೋ ಕೆಲಸ. ಯಾರಾದರೂ ಅನುಮತಿ ಕೊಡಲಿ ಎಂದು ಕಾಯುತ್ತಿರಬಹುದು. ಹದಿನಾರು ವರ್ಷ ಕಟ್ಟಿದ್ದನ್ನು ಕಳೆದುಕೊಳ್ಳುವ ದುಃಖವನ್ನು ಮುಂದೂಡುತ್ತಿರಬಹುದು. ಸೋತರೆ ನಗುವವರ ಮುಖಗಳನ್ನು ಎಣಿಸುತ್ತಿರಬಹುದು. ಯಾವುದೂ ನಾಚಿಕೆಯ ವಿಷಯವಲ್ಲ. ಆದರೆ ಇವು ಪಟ್ಟಿಯಿಂದ ಬಗೆಹರಿಯುವಂಥವಲ್ಲ, ಇನ್ನೂ ನಾಲ್ಕು ವರ್ಷ ಕೊಟ್ಟರೂ.

ಈಗ ನಾನು ಮುಖ್ಯ ಎಂದುಕೊಂಡಿರುವ ವಿಷಯಕ್ಕೆ ಬರುತ್ತೇನೆ. ನೀವು ಒಂದೇ ಪ್ರಶ್ನೆ ಎಂದುಕೊಂಡಿರುವುದರಲ್ಲಿ ಎರಡು ಪ್ರಶ್ನೆಗಳಿವೆ. ಈ ಕೆಲಸದಲ್ಲಿ ಇನ್ನೂ ಇರಬೇಕೇ ಎಂಬುದು ಒಂದು. ಮೇಷ್ಟ್ರಾಗಬೇಕೇ ಎಂಬುದು ಇನ್ನೊಂದು. ಎರಡನ್ನೂ ಹೆಣೆದು ಗಂಟು ಹಾಕಿದ್ದರಿಂದ ಒಂದರ ಅನುಮಾನ ಇನ್ನೊಂದನ್ನೂ ಹಿಡಿದು ನಿಲ್ಲಿಸಿದೆ. ಪಾಠ ಮಾಡಲು ನನ್ನಿಂದ ಆಗುತ್ತದೋ ಇಲ್ಲವೋ ಎಂಬ ಅಳುಕು ಬಂದ ಕೂಡಲೇ ಲೆಕ್ಕಪತ್ರದ ಕೆಲಸವೇ ವಾಸಿ ಅನ್ನಿಸುತ್ತದೆ. ಬೆಳಿಗ್ಗೆ ಆಫೀಸಿಗೆ ಹೋದರೆ ತರಗತಿಯೇ ಸ್ವರ್ಗ ಅನ್ನಿಸುತ್ತದೆ. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಅನ್ನುವ ಸ್ಥಿತಿ.

ಇವೆರಡನ್ನೂ ಬೇರೆ ಬೇರೆ ಇಟ್ಟುಕೊಂಡರೆ ಮನಸ್ಸಿನ ಮಾತನ್ನು ಎಲ್ಲಿ ಕೇಳಬೇಕು, ಎಲ್ಲಿ ಕೇಳಬಾರದು ಎಂಬುದೂ ಸ್ಪಷ್ಟವಾಗುತ್ತದೆ. ಗ್ಯಾರಿ ಕ್ಲೈನ್ ಎಂಬ ಸಂಶೋಧಕರು 1980ರ ದಶಕದಲ್ಲಿ ಅಗ್ನಿಶಾಮಕ ದಳದ ನಾಯಕರನ್ನು ಅಧ್ಯಯನ ಮಾಡಿದರು. ಬೆಂಕಿ ಬಿದ್ದ ಕಟ್ಟಡದ ಮುಂದೆ ನಿಂತವರು ನಾಲ್ಕಾರು ಆಯ್ಕೆಗಳನ್ನು ಅಳೆದು ತೂಗುತ್ತಿರಲಿಲ್ಲ. ನೋಡಿದ ಕೂಡಲೇ ಇದು ಇಂಥ ಬೆಂಕಿ ಎಂದು ಗುರುತಿಸಿ, ಮೊದಲು ಹೊಳೆದ ಉಪಾಯವನ್ನು ಮನಸ್ಸಿನಲ್ಲೇ ಓಡಿಸಿ ನೋಡಿ, ಸರಿಯೆನಿಸಿದರೆ ಅದನ್ನೇ ಮಾಡುತ್ತಿದ್ದರು. ಅಂತಃಪ್ರಜ್ಞೆಯ ಪರ ಇದ್ದ ಕ್ಲೈನ್ ಮತ್ತು ಅದರ ತಪ್ಪುಗಳನ್ನು ಪಟ್ಟಿ ಮಾಡಿ ಹೆಸರಾದ ಮನಶ್ಶಾಸ್ತ್ರಜ್ಞ ಡೇನಿಯಲ್ ಕಾನೆಮನ್ 2009ರಲ್ಲಿ ಸೇರಿ ಒಂದು ಲೇಖನ ಬರೆದರು. ಮನಸ್ಸಿಗೆ ಥಟ್ಟನೆ ಹೊಳೆದದ್ದನ್ನು ಯಾವಾಗ ನಂಬಬಹುದು ಎಂಬ ಬಗ್ಗೆ ಇಬ್ಬರೂ ಒಪ್ಪಿದ ಷರತ್ತುಗಳು ಎರಡು. ಆ ಕ್ಷೇತ್ರದಲ್ಲಿ ಒಂದು ಕ್ರಮ ಇರಬೇಕು. ಆ ಕ್ರಮವನ್ನು ಕಲಿಯುವಷ್ಟು ಕಾಲ, ಸರಿ ತಪ್ಪು ತಕ್ಷಣ ತಿಳಿಯುವ ಹಾಗೆ, ನೀವು ಅದರಲ್ಲಿ ಪಳಗಿರಬೇಕು.

ಇದನ್ನು ನಿಮಗೆ ಅನ್ವಯಿಸಿ ನೋಡಿ. ಈಗಿನ ಕೆಲಸದ ವಿಷಯದಲ್ಲಿ ನೀವು ಹದಿನಾರು ವರ್ಷ ಪಳಗಿದವರು. ಆ ಕುರ್ಚಿ, ಆ ತಿಂಗಳ ಕೊನೆ, ಆ ಜನ, ಅದು ನಿಮಗೆ ಏನು ಮಾಡುತ್ತದೆ ಎಂಬುದು ನಿಮ್ಮ ಮೈಗೇ ಗೊತ್ತು. ಅಲ್ಲಿ ಮನಸ್ಸು ಹೇಳಿದ್ದನ್ನು ನಂಬಿ. ಮೇಷ್ಟ್ರಿಕೆಯ ವಿಷಯದಲ್ಲಿ ನಿಮ್ಮ ಅನುಭವ ಸೊನ್ನೆ. ವಿದ್ಯಾರ್ಥಿಯಾಗಿ ಬೆಂಚಿನಲ್ಲಿ ಕೂತ ಅನುಭವ ಲೆಕ್ಕಕ್ಕಿಲ್ಲ. ಅಲ್ಲಿ ಮನಸ್ಸು ಎಷ್ಟೇ ಗಟ್ಟಿಯಾಗಿ "ಇದೇ ನನ್ನ ದಾರಿ" ಅಂದರೂ ಅದು ಬರಿ ಕಲ್ಪನೆ. ಅಂದರೆ ಬಿಡುವ ತೀರ್ಮಾನ ದಿಢೀರನೆ ಬಂದರೂ ನಾನು ಅಷ್ಟು ಹೆದರುವುದಿಲ್ಲ. ಸೇರುವ ತೀರ್ಮಾನ ದಿಢೀರನೆ ಬಂದರೆ ಹೆದರುತ್ತೇನೆ. ಬಹಳ ಜನ ಇದನ್ನು ತಿರುಗುಮುರುಗಾಗಿ ಮಾಡುತ್ತಾರೆ. ಬಿಡಲು ವರ್ಷಗಟ್ಟಲೆ ಒದ್ದಾಡಿ, ಆ ದಣಿವಿನಲ್ಲಿ ಮೊದಲು ತೆರೆದ ಬಾಗಿಲಿಗೆ ನುಗ್ಗುತ್ತಾರೆ.

ಎರಡನ್ನೂ ಬೇರೆಯಾಗಿ ಇಟ್ಟುಕೊಂಡ ದೊಡ್ಡ ಉದಾಹರಣೆ ನಮ್ಮ ಕಣ್ಣೆದುರಿಗೇ ಇದೆ. ಹಿಂದೂವಾಗಿ ಹುಟ್ಟಿದ್ದೇನೆ, ಹಿಂದೂವಾಗಿ ಸಾಯುವುದಿಲ್ಲ ಎಂದು ಅಂಬೇಡ್ಕರ್ ಯೇವಲಾದಲ್ಲಿ ಘೋಷಿಸಿದ್ದು 1935ರ ಅಕ್ಟೋಬರ್ 13ರಂದು. ನಾಗಪುರದಲ್ಲಿ ಬೌದ್ಧ ದೀಕ್ಷೆ ತೆಗೆದುಕೊಂಡದ್ದು 1956ರ ಅಕ್ಟೋಬರ್ 14ರಂದು. ನಡುವೆ 21 ವರ್ಷ. ಬಿಡುವುದು ಖಚಿತ ಎಂದು ಮೊದಲೇ ಬಹಿರಂಗವಾಗಿ ಹೇಳಿದರು. ಎಲ್ಲಿಗೆ ಎಂಬುದನ್ನು ತೆರೆದಿಟ್ಟರು, ಓದಿದರು, ಸಿಖ್ ಧರ್ಮದ ಬಗ್ಗೆಯೂ ಗಂಭೀರವಾಗಿ ಆಲೋಚಿಸಿದರು. ಬರೀ 1956ನ್ನು ನೋಡಿದವರಿಗೆ ಅದು ಒಂದು ದಿನದ ಘಟನೆ. ಬರೀ ನಡುವಿನ ವರ್ಷಗಳನ್ನು ನೋಡಿದವರಿಗೆ ಹೊಯ್ದಾಟ. ನಿಮ್ಮ ನನ್ನ ನೌಕರಿಯ ಪ್ರಶ್ನೆಯನ್ನು ಅದರ ಪಕ್ಕ ಇಡಲು ಸಂಕೋಚವಾಗುತ್ತದೆ. ಕೋಟ್ಯಂತರ ಜನರ ಹಣೆಬರಹ ಅದರಲ್ಲಿ ಸೇರಿತ್ತು. ಆದರೆ ಎರಡು ಪ್ರಶ್ನೆಗಳಿಗೆ ಎರಡು ವೇಗ ಇರಬಹುದು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ನನಗೆ ಗೊತ್ತಿಲ್ಲ.

ನಿಮ್ಮಲ್ಲಿ ಕೊರತೆ ಇದೆಯೇ ಎಂದು ಕೇಳಿದ್ದೀರಿ. ಪತ್ರದ ಧಾಟಿಯಿಂದ ನೋಡಿದರೆ ನಿಮ್ಮ ತರ್ಕಕ್ಕೆ ಏನೂ ಆಗಿಲ್ಲ. ಭಾವನೆಗೆ ಮಾತಾಡಲು ಅವಕಾಶ ಕೊಟ್ಟಿಲ್ಲ ಅನ್ನಿಸುತ್ತದೆ. ನರವಿಜ್ಞಾನಿ ಆಂಟೋನಿಯೊ ಡಮಾಸಿಯೊ ಅಂಥ ಕೆಲವು ರೋಗಿಗಳ ಬಗ್ಗೆ ಬರೆದಿದ್ದಾರೆ. ಮಿದುಳಿನ ಮುಂಭಾಗದ ಒಂದು ತಗ್ಗಿನ ಜಾಗಕ್ಕೆ ಗೆಡ್ಡೆಯಿಂದಲೋ ಪೆಟ್ಟಿನಿಂದಲೋ ಹಾನಿಯಾಗಿ ಅವರ ಭಾವನೆಗಳು ಮಂಕಾಗಿದ್ದವು. ಬುದ್ಧಿ, ನೆನಪು, ಮಾತು ಎಲ್ಲ ಚೆನ್ನಾಗಿದ್ದವು. ಮುಂದಿನ ಭೇಟಿಗೆ ಎರಡು ದಿನಾಂಕ ಕೊಟ್ಟರೆ ಒಬ್ಬ ರೋಗಿ ಸುಮಾರು ಅರ್ಧ ಗಂಟೆ ಹವಾಮಾನ, ಬೇರೆ ಕೆಲಸಗಳು, ಹಿಂದುಮುಂದು ಎಲ್ಲವನ್ನೂ ಲೆಕ್ಕ ಹಾಕುತ್ತ ಕೂತಿದ್ದ. ಕೊನೆಗೆ ಡಮಾಸಿಯೊ ಎರಡನೆಯ ದಿನ ಬನ್ನಿ ಎಂದಾಗ "ಸರಿ" ಎಂದು ಎದ್ದು ಹೋದ. ತರ್ಕ ವಾದಗಳನ್ನು ಹುಟ್ಟಿಸುತ್ತಲೇ ಹೋಗಬಲ್ಲದು, ತಾನಾಗಿ ನಿಲ್ಲಲು ಅದಕ್ಕೆ ಬರುವುದಿಲ್ಲ. ಇಷ್ಟು ಸಾಕು ಎಂದು ಹೇಳುವುದು ಭಾವನೆ. ಲೆಕ್ಕಪತ್ರದಲ್ಲಿ ಪಳಗಿದವರಿಗೆ ಈ ಮಾತು ಹಿಡಿಸುವುದಿಲ್ಲ ಎಂದು ಗೊತ್ತಿದೆ.

"ಒಂದು ರಾತ್ರಿ ಮಲಗಿ ಎದ್ದರೆ ಒಳಮನಸ್ಸು ತಾನೇ ಉತ್ತರ ಕೊಡುತ್ತದೆ" ಎಂದು ಯಾರಾದರೂ ಹೇಳಿರಬಹುದು. ಇದಕ್ಕೆ 2006ರಲ್ಲಿ ಒಂದು ಡಚ್ ಸಂಶೋಧನೆಯ ಬೆಂಬಲವೂ ಸಿಕ್ಕಿತು, ಜಟಿಲ ಆಯ್ಕೆಗಳಲ್ಲಿ ಗಮನ ಬೇರೆಡೆ ಇಟ್ಟವರೇ ಚೆನ್ನಾಗಿ ಆರಿಸುತ್ತಾರೆ ಎಂದು. ಆಮೇಲೆ ದೊಡ್ಡ ಪ್ರಮಾಣದಲ್ಲಿ ಮತ್ತೆ ಮಾಡಿ ನೋಡಿದಾಗ ಆ ಫಲಿತಾಂಶ ನಿಲ್ಲಲಿಲ್ಲ. ಮಲಗಿ ಎದ್ದರೆ ಸಿಟ್ಟು ಇಳಿಯುತ್ತದೆ, ಅಷ್ಟು ಲಾಭ ಖಂಡಿತ ಇದೆ.

ಇನ್ನೊಂದು ಅಧ್ಯಯನ ನಿಮ್ಮಂಥವರ ಬಗ್ಗೆಯೇ ಇದೆ. ಅರ್ಥಶಾಸ್ತ್ರಜ್ಞ ಸ್ಟೀವನ್ ಲೆವಿಟ್ ಎರಡು ಮನಸ್ಸಿನಲ್ಲಿದ್ದ ಜನರಿಗೆ ಅಂತರ್ಜಾಲದಲ್ಲಿ ನಾಣ್ಯ ಚಿಮ್ಮಿಸಲು ಒಂದು ಏರ್ಪಾಡು ಮಾಡಿದರು. ಕೆಲಸ ಬಿಡಲೇ, ಸಂಬಂಧ ಮುರಿದುಕೊಳ್ಳಲೇ ಎಂಬ ದೊಡ್ಡ ಪ್ರಶ್ನೆಗಳಿಂದ ಹಿಡಿದು ಸಣ್ಣಪುಟ್ಟವೂ ಇದ್ದವು. ತಲೆ ಬಿದ್ದರೆ ಬದಲಾವಣೆ, ಇಲ್ಲದಿದ್ದರೆ ಇದ್ದಂತೆ ಇರುವುದು. 20,000ಕ್ಕೂ ಹೆಚ್ಚು ಸಲ ನಾಣ್ಯ ಚಿಮ್ಮಿತು. ತಲೆ ಬಿದ್ದವರಲ್ಲಿ ಬದಲಾವಣೆ ಮಾಡಿಕೊಂಡವರು ಹೆಚ್ಚು. ದೊಡ್ಡ ಪ್ರಶ್ನೆಗಳಲ್ಲಿ ಬದಲಾವಣೆ ಮಾಡಿಕೊಂಡವರು ಆರು ತಿಂಗಳ ನಂತರ, ಇದ್ದಂತೆ ಇದ್ದವರಿಗಿಂತ ಹೆಚ್ಚು ಸಂತೋಷವಾಗಿದ್ದೇವೆ ಎಂದರು. ಇದನ್ನು ಓದಿ ನಾಳೆಯೇ ಕಾಗದ ಕೊಟ್ಟುಬಿಡಬೇಡಿ. ಅವರೆಲ್ಲ ತಾವಾಗಿ ಬಂದು ಭಾಗವಹಿಸಿದವರು, ಹೇಳಿದ್ದು ತಮ್ಮ ಬಾಯಿಂದ ತಾವೇ. ನಾನು ಇದರಿಂದ ತೆಗೆದುಕೊಳ್ಳುವುದು ಇಷ್ಟು: ತಕ್ಕಡಿ ನಿಜವಾಗಿಯೂ ಸಮವಾಗಿದೆ ಅನ್ನಿಸುವ ಹೊತ್ತಿಗೆ ಸಾಮಾನ್ಯವಾಗಿ ನಾವು ಇರುವುದರ ಕಡೆ ಒಂದು ಬೆರಳು ಇಟ್ಟಿರುತ್ತೇವೆ.

ಇರುವುದನ್ನು ಇದ್ದಂತೆ ಬಿಡುವುದೂ ಒಂದು ತೀರ್ಮಾನವೇ, ಅದಕ್ಕೆ ಸಹಿ ಮಾತ್ರ ಯಾರೂ ಕೇಳುವುದಿಲ್ಲ. ಅಮೆರಿಕದ ಮನಶ್ಶಾಸ್ತ್ರಜ್ಞ ವಿಲಿಯಂ ಜೇಮ್ಸ್ 1890ರಷ್ಟು ಹಿಂದೆಯೇ ಮನುಷ್ಯ ತೀರ್ಮಾನಿಸುವ ಐದು ಬಗೆಗಳನ್ನು ವಿವರಿಸಿದ್ದರು. ಅವುಗಳಲ್ಲಿ ಎರಡು ಬರೀ ತೇಲಿಹೋಗುವ ಬಗೆಗಳು. ಹೊರಗಿನ ಯಾವುದೋ ಆಕಸ್ಮಿಕ ತಳ್ಳಿದ ಕಡೆಗೆ ಹೋಗುವುದು ಒಂದು, ಒಳಗಿನ ಯಾವುದೋ ಹುಮ್ಮಸ್ಸು ತಳ್ಳಿದ ಕಡೆಗೆ ಹೋಗುವುದು ಇನ್ನೊಂದು. ನಮ್ಮ ಬದುಕಿನ ದೊಡ್ಡ ದೊಡ್ಡ ಸಂಗತಿಗಳು ಎಷ್ಟೋ ಸಲ ಹೀಗೇ ಆಗಿರುತ್ತವೆ. ನೀವು ಲೆಕ್ಕಪತ್ರಕ್ಕೆ ಸೇರಿದ್ದು ಹೇಗೆ ಎಂದು ನೆನಪಿಸಿಕೊಳ್ಳಿ. ಅದಕ್ಕೆ ನಾಲ್ಕು ವರ್ಷ ಯೋಚಿಸಿದ್ದಿರಾ?

ಎರಡು ಎಚ್ಚರಿಕೆ ಹೇಳದೆ ಮುಂದೆ ಹೋಗಲಾರೆ. ತೀರ್ಮಾನ ತೆಗೆದುಕೊಳ್ಳಲು ಆಗದಿರುವುದು ಖಿನ್ನತೆಯ ಲಕ್ಷಣಗಳ ಪಟ್ಟಿಯಲ್ಲೇ ಇದೆ. ಇದೊಂದು ವಿಷಯ ಮಾತ್ರವಲ್ಲದೆ ಯಾವ ಅಂಗಿ ಹಾಕಿಕೊಳ್ಳಲಿ ಎಂಬುದೂ ಕಷ್ಟವಾಗಿದ್ದರೆ, ನಿದ್ದೆ, ಹಸಿವು, ಹಿಂದೆ ಇಷ್ಟವಾಗುತ್ತಿದ್ದುದರಲ್ಲಿ ಆಸಕ್ತಿ ಎಲ್ಲ ಕುಗ್ಗಿದ್ದರೆ, ಮೊದಲು ವೈದ್ಯರನ್ನು ನೋಡಿ. ಕೆಲಸದ ಪ್ರಶ್ನೆ ಆಮೇಲೆ. ಅದರ ತದ್ವಿರುದ್ಧವೂ ಉಂಟು. ದಿನಗಟ್ಟಲೆ ನಿದ್ದೆಯೇ ಬೇಡವೆನಿಸಿ, ಎಲ್ಲವೂ ಸಾಧ್ಯ ಅನ್ನಿಸಿ, ಒಂದರ ಮೇಲೊಂದು ಭಾರೀ ತೀರ್ಮಾನಗಳು ಮತ್ತು ಖರ್ಚುಗಳು ನಡೆಯುತ್ತಿದ್ದರೆ ಅದನ್ನು ಧೈರ್ಯ ಎಂದು ಮೆಚ್ಚಬಾರದು. ಅದು ಉನ್ಮಾದದ ಲಕ್ಷಣವಾಗಿರಬಹುದು, ಅದಕ್ಕೂ ಚಿಕಿತ್ಸೆ ಇದೆ. ಇವೆರಡೂ ಇಲ್ಲದ ಬರೀ ಸಿಟ್ಟಿನ ದಿನದ ತೀರ್ಮಾನವನ್ನು ಗುರುತಿಸುವುದು ಸುಲಭ. ಸಿಟ್ಟಿನಲ್ಲಿರುವವರು ಇವತ್ತಿನ ಒಂದು ಮಾತನ್ನೇ ಹೇಳುತ್ತಾರೆ. ಒಳಗೆ ಹರಳುಗಟ್ಟಿದವರು ಇವತ್ತಿನ ಮಾತಿನಿಂದ ಶುರು ಮಾಡಿ ಮೂರು ವರ್ಷ ಹಿಂದಕ್ಕೆ ಹೋಗುತ್ತಾರೆ. ಒಂದು ವಿನಾಯಿತಿ: ಮನೆಯಲ್ಲಿ ಹೊಡೆತ ಬೀಳುತ್ತಿರುವವರಿಗೆ ಅಳೆದು ತೂಗಿ ಎಂದು ನಾನು ಯಾವತ್ತೂ ಹೇಳುವುದಿಲ್ಲ. ಅವರಿಗೆ ಮೊದಲು ಬೇಕಾದದ್ದು ಸುರಕ್ಷಿತವಾಗಿ ಹೊರಬರುವ ದಾರಿ ಮತ್ತು ಜತೆಗೊಬ್ಬರು.

ಮಾಡುವುದೇನು? ಮೊದಲ ಪ್ರಶ್ನೆಗೆ, ಈ ಕೆಲಸದಲ್ಲಿ ಇನ್ನೂ ಇರಬೇಕೇ ಎಂಬುದಕ್ಕೆ, ಉತ್ತರ ನಿಮ್ಮ ಬಳಿ ಇದೆ ಎಂದು ನನ್ನ ಅಂದಾಜು. ಮೇಷ್ಟ್ರಿಕೆಯನ್ನು ಪೂರ್ತಿ ಪಕ್ಕಕ್ಕಿಟ್ಟು, ಬೇರೆ ಯಾವ ಕೆಲಸವೂ ಇಲ್ಲ ಎಂದುಕೊಂಡು, ಇನ್ನು ಹತ್ತು ವರ್ಷ ಇದೇ ಕುರ್ಚಿ ಎಂದು ಒಂದು ವಾಕ್ಯ ಬರೆದು ಓದಿಕೊಳ್ಳಿ. ಎದೆ ಏನು ಹೇಳುತ್ತದೆ ಕೇಳಿ. ಪರವಾಗಿಲ್ಲ ಅನ್ನಿಸಿದರೆ, ನಿಮಗೆ ಬೇಕಾಗಿರುವುದು ರಾಜೀನಾಮೆಯಲ್ಲ, ವಾರಕ್ಕೆರಡು ಸಂಜೆ ಮಕ್ಕಳಿಗೆ ಗಣಿತ ಹೇಳಿಕೊಡುವುದು ಇರಬಹುದು. ಅಂಥ ಜನರನ್ನೂ ನೋಡಿದ್ದೇನೆ. ಕೆಲಸ ಬಿಡದೆಯೇ ಅವರ ಆಸೆ ತೀರಿತು.

ಎರಡನೆಯ ಪ್ರಶ್ನೆಗೆ ಕೂತಲ್ಲೇ ಯೋಚಿಸಿ ಉತ್ತರ ಸಿಗುವುದಿಲ್ಲ. ಮನಶ್ಶಾಸ್ತ್ರಜ್ಞ ಡೇನಿಯಲ್ ಗಿಲ್ಬರ್ಟ್ ಮತ್ತು ಸಂಗಡಿಗರು 2009ರಲ್ಲಿ ಒಂದು ಪ್ರಯೋಗ ಮಾಡಿದರು. ಅಪರಿಚಿತನೊಬ್ಬನ ಜತೆ ಐದು ನಿಮಿಷದ ಭೇಟಿ ಹೇಗಿರಬಹುದು ಎಂದು ಹೆಂಗಸರು ಮುಂಚೆಯೇ ಊಹಿಸಬೇಕು. ಆತನ ಫೋಟೊ, ವಿವರ ನೋಡಿ ಊಹಿಸಿದವರಿಗಿಂತ, ಅದೇ ಆತನನ್ನು ಭೇಟಿಯಾಗಿ ಬಂದ ಇನ್ನೊಬ್ಬ ಹೆಂಗಸು ಕೊಟ್ಟ ಅಂಕ ನೋಡಿ ಊಹಿಸಿದವರು ನಿಜಕ್ಕೆ ಹತ್ತಿರವಿದ್ದರು. ಆದರೂ ಅವರಲ್ಲಿ ಹೆಚ್ಚಿನವರಿಗೆ ತಮ್ಮ ಕಲ್ಪನೆಯ ಮೇಲೆಯೇ ನಂಬಿಕೆ ಜಾಸ್ತಿ. ಆದ್ದರಿಂದ ಗೆಳೆಯರನ್ನು ಕೇಳುವುದು ನಿಲ್ಲಿಸಿ. ಅವರು ನಿಮ್ಮನ್ನು ಬಲ್ಲರು, ತರಗತಿಯನ್ನು ಬಲ್ಲವರಲ್ಲ. ನಲವತ್ತರ ನಂತರ ಪಾಠಕ್ಕೆ ಬಂದವರನ್ನು ಹುಡುಕಿ, ಬಂದು ಬಿಟ್ಟು ಹೋದವರನ್ನೂ ಹುಡುಕಿ. "ನಿಮಗೆ ಖುಷಿ ಇದೆಯಾ" ಎಂದು ಕೇಳಬೇಡಿ, "ಹೋದ ಮಂಗಳವಾರ ಬೆಳಿಗ್ಗೆಯಿಂದ ಸಂಜೆಯವರೆಗೆ ಏನೇನು ಮಾಡಿದಿರಿ" ಎಂದು ಕೇಳಿ. ಉತ್ತರಪತ್ರಿಕೆಗಳ ಕಂತೆ, ಹಾಜರಿ, ಪೋಷಕರ ಫೋನು ಎಲ್ಲ ಆಗ ಹೊರಗೆ ಬರುತ್ತದೆ. ಆಮೇಲೆ ನೀವೇ ಕೆಲವು ತಿಂಗಳು ಎಲ್ಲಾದರೂ ಪಾಠ ಮಾಡಿ, ಸಂಬಳವಿಲ್ಲದಿದ್ದರೂ ಸರಿ. ಕಲಿಯಲು ಇಷ್ಟವಿಲ್ಲದ ಮಕ್ಕಳೂ ಇರುವ ಗುಂಪಾದರೆ ಒಳ್ಳೆಯದು. ಜಾಣ ಮಕ್ಕಳಿಗೆ ಹೇಳಿಕೊಟ್ಟರೆ ಯಾರಿಗಾದರೂ ಮೇಷ್ಟ್ರಾಗಬೇಕು ಅನ್ನಿಸುತ್ತದೆ.

ಇದಾದ ಮೇಲೂ ಮನಸ್ಸು ಅದೇ ಕಡೆ ಇದ್ದರೆ, ಮೇಲೆ ಹೇಳಿದ ಕ್ಲೈನ್ ಅವರದೇ ಒಂದು ಅಭ್ಯಾಸ ಮಾಡಿ. ಒಂದು ವರ್ಷ ಮುಂದೆ ಹೋಗಿ, ಎಲ್ಲ ಕೆಟ್ಟುಹೋಗಿದೆ ಎಂದುಕೊಳ್ಳಿ. ಕೆಡಬಹುದೇ ಎಂದು ಕೇಳಿಕೊಳ್ಳಬೇಡಿ, ಕೆಟ್ಟಾಗಿದೆ ಎಂದೇ ಇಟ್ಟುಕೊಂಡು ಯಾಕೆ ಕೆಟ್ಟಿತು ಎಂದು ಬರೆಯಿರಿ. ಹಣವೋ, ಬೇಕಾದ ಅರ್ಹತಾ ಪರೀಕ್ಷೆಯೋ, ಗಂಟಲೋ, ವಯಸ್ಸಿನಲ್ಲಿ ಕಿರಿಯರಾದವರ ಕೈಕೆಳಗೆ ಕೆಲಸ ಮಾಡುವ ಮುಜುಗರವೋ. ಬರೆದದ್ದರಲ್ಲಿ ಈಗಲೇ ಸರಿಪಡಿಸಬಹುದಾದದ್ದನ್ನು ಸರಿಪಡಿಸಿ. ಬಿಟ್ಟ ಮೇಲೆ ಕೆಲವು ತಿಂಗಳು ನೆಲವೇ ಇಲ್ಲದಂತೆ ಅನ್ನಿಸುತ್ತದೆ ಎಂಬುದನ್ನೂ ಮೊದಲೇ ತಿಳಿದಿರಿ. ಈಬೋ ಮಾತಾಡಿಸಿದವರಲ್ಲಿ ಬಹಳ ಜನ ಆ ಖಾಲಿತನವನ್ನು ದಾಟಿ ಹೋದವರೇ. ಹಳೆಯದು ಹೋಗಿದೆ, ಹೊಸದು ಇನ್ನೂ ತಮ್ಮದಾಗಿಲ್ಲ ಎಂಬ ಆ ಅವಧಿಯನ್ನು ತಪ್ಪು ತೀರ್ಮಾನದ ಸಾಕ್ಷಿ ಎಂದುಕೊಂಡು ಓಡಿ ಹಿಂದಿರುಗುವವರಿದ್ದಾರೆ.

ಉಳಿದದ್ದು ನಿಮ್ಮ ಹೆಂಡತಿಯ ವಿಷಯ. ತೀರ್ಮಾನವಾದ ಮೇಲೆ ಹೇಳುತ್ತೇನೆ ಎಂಬುದು ಮಾತ್ರ ನನಗೆ ಒಪ್ಪಿಗೆಯಿಲ್ಲ. ಬೇರೆಯಾದ ದಂಪತಿಗಳ ಬಗ್ಗೆ 1986ರಲ್ಲಿ ತಮ್ಮ ಅಧ್ಯಯನ ಪ್ರಕಟಿಸಿದ ಸಮಾಜಶಾಸ್ತ್ರಜ್ಞೆ ಡಯೇನ್ ವಾನ್ ಗಮನಿಸಿದ್ದೇನೆಂದರೆ, ಬಿರುಕು ಶುರುವಾಗುವುದು ಒಬ್ಬರು ಒಳಗೇ ಇಟ್ಟುಕೊಂಡ ಗುಟ್ಟಿನಿಂದ. ಒಬ್ಬರು ತಿಂಗಳುಗಟ್ಟಲೆ ಯೋಚಿಸಿ, ಅತ್ತು, ಸಿದ್ಧರಾಗಿರುತ್ತಾರೆ. ಇನ್ನೊಬ್ಬರಿಗೆ ಸುದ್ದಿ ತಲುಪುವಾಗ ಎಲ್ಲ ಮುಗಿದಿರುತ್ತದೆ. ನಿಮ್ಮದು ಮದುವೆಯ ಪ್ರಶ್ನೆಯಲ್ಲ, ಆದರೆ ಗುಟ್ಟಿನ ರೀತಿ ಅದೇ. ನೀವು ನಾಲ್ಕು ವರ್ಷ ಹೊತ್ತದ್ದು ಅವರಿಗೆ ಒಂದು ರಾತ್ರಿಯ ಊಟದ ನಂತರದ ಸುದ್ದಿಯಾಗುತ್ತದೆ. ಅವರು ಗಾಬರಿಯಾಗಿ ಬೇಡ ಅಂದರೆ ನೀವು ಅದನ್ನು ವಿರೋಧ ಎಂದುಕೊಳ್ಳುತ್ತೀರಿ.

ಈ ವಾರವೇ ಹೇಳಿ, ಇನ್ನೂ ತೀರ್ಮಾನವಾಗಿಲ್ಲ ಎಂದೇ ಹೇಳಿ. "ನನಗೆ ಒಂದು ಯೋಚನೆ ತುಂಬ ದಿನದಿಂದ ಕಾಡುತ್ತಿದೆ, ಉತ್ತರ ಬೇಡ, ಕೇಳಿಸಿಕೋ ಸಾಕು" ಎಂದು ಶುರು ಮಾಡಬಹುದು. ನಾಲ್ಕು ವರ್ಷ ಹೇಳಲಿಲ್ಲವಲ್ಲ ಎಂಬ ನೋವು ಮೊದಲು ಬರುತ್ತದೆ, ಕೆಲಸದ ಮಾತು ಎರಡನೆಯದು. ಅದಕ್ಕೆ ಜಾಗ ಕೊಡಿ, ಸಮರ್ಥಿಸಿಕೊಳ್ಳಲು ಹೋಗಬೇಡಿ. ಆಮೇಲೆ ಅವರಿಗೂ ತಮ್ಮದೇ ಪ್ರಶ್ನೆಗಳು ಹುಟ್ಟಲು ಕೆಲವು ವಾರಗಳಾದರೂ ಬೇಕು. ನೀವು ಹಾಕಿಟ್ಟ ಖರ್ಚುವೆಚ್ಚದ ಲೆಕ್ಕವನ್ನು ಮೊದಲ ದಿನವೇ ಮುಂದೆ ಹಿಡಿಯಬೇಡಿ, ಎಲ್ಲ ನಿರ್ಧರಿಸಿ ಬಂದಿದ್ದಾರೆ ಅನ್ನಿಸುತ್ತದೆ. ಅವರಾಗಿ ಕೇಳಿದ ದಿನ ಹೊಸದೊಂದು ಹಾಳೆ ತೆಗೆದುಕೊಂಡು, ಇಬ್ಬರೂ ಕೂತು ಮೊದಲಿನಿಂದ ಲೆಕ್ಕ ಹಾಕಿ.